ಒಂದನೇ ಗುಂಡಿ

ಐತಾಳರು ಟೋ ಮಾಡಿಸಿಕೊಂಡು ತಂದಾಗ
ಬಾನೆಟ್ಟಿನೊಳಗೆ ಹೆಗ್ಗಣ ಸಂಸಾರ ಹೂಡಿತ್ತು.
ಎರಡೇ ಬಾಗಿಲು, ಉದ್ದ ಮೂತಿ, ತೊಂಬತ್ತಾರರ ಜರ್ಮನ್ ಗಾಡಿ.
ಕಾಕ್ಸ್ ಟೌನಿನ ಶೆಡ್ಡೊಂದರಲ್ಲಿ ಹನ್ನೊಂದು ವರ್ಷ
ಟಾರ್ಪಾಲಿನಡಿ ಕೂತು ಕೂತು
ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು.

"ಅಡುಗೆ ಕಂಟ್ರಾಕ್ಟರು ನಾನು," ಅಂದರು.
"ಹದಿನಾಲ್ಕರಲ್ಲಿ ಬಸವನಗುಡಿಯ ಛತ್ರದಲ್ಲಿ
ಎಂಜಲೆಲೆ ಎತ್ತುವಾಗ ಇಂಥದೇ ಒಂದು
ಗೇಟಿನೊಳಗೆ ಬಂತು, ಸದ್ದೇ ಇಲ್ಲ.
ಬಕೆಟ್ಟು ಕೆಳಗಿಡೋದೂ ಮರೆತೆ."
ಆರಡಿ ಎರಡಂಗುಲದ ಮನುಷ್ಯ, ಮೇಲೆ ಹೊಟ್ಟೆ ಬೇರೆ.
ತಲೆ ರೂಫಿಗೆ ತಾಗುತ್ತದೆ.
ಯಾರು ಬುದ್ಧಿ ಹೇಳೋದು?

ವಿಲ್ಸನ್ ಗಾರ್ಡನ್ನಿನ ನಮ್ಮ ಶೆಡ್ಡು ಹತ್ತಡಿ ಅಗಲ.
ಗಾಡಿಯ ಮೂತಿ ರಸ್ತೆಗೇ ಚಾಚಿತು.
ಸೊಪ್ಪಿನ ಕೆಂಪಮ್ಮ ದಿನಾ ಕೇಳುವಳು,
"ಇದು ಸತ್ತಿದೆಯೋ ಮಲಗಿದೆಯೋ?"
ಕೊತ್ತಂಬರಿ ಕಟ್ಟು ಅದರ ಮೇಲೇ ಇಟ್ಟು
ಚಿಲ್ಲರೆ ಎಣಿಸುವಳು.

ಆಮೇಲೆ ಎಂಟು ತಿಂಗಳು.
ಜೆ.ಸಿ. ರೋಡಿನಲ್ಲಿ ಇಲ್ಲದ ರಬ್ಬರು
ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು.
ಅಲ್ಲೂ ಸಿಗದ್ದನ್ನು ಪೀಣ್ಯದ ಲೇತಿನ ಹುಡುಗ ಕಡೆದುಕೊಟ್ಟ,
ಒಂದು ಕೂದಲೆಳೆ ದಪ್ಪ. ಮತ್ತೆ ಕಡೆದ.
ಜಬ್ಬಾರ್ ತುಕ್ಕು ಕೆರೆದ, ಕೆರೆದಷ್ಟೂ ತುಕ್ಕು,
ಒಂದು ಮಧ್ಯಾಹ್ನ ಬೆರಳು ಆಚೆಗೇ ತೂರಿ,
"ನೋಡಣ್ಣಾ, ಜರ್ಮನಿಯವರ ಮನೆ ದೋಸೇನೂ ತೂತೇ!"
ಬಣ್ಣಕ್ಕೆ ಆರೋಗ್ಯಸ್ವಾಮಿ. ಎರಡನೇ ಕೋಟಿನ ದಿನ
ಹೊಂಗೆ ಹೂವು ಉದುರಿ ಹಸಿಬಣ್ಣಕ್ಕೆ ಮೆತ್ತಿತು.
ಬೈದುಕೊಂಡೇ ಉಜ್ಜಿ ಮತ್ತೆ ಹೊಡೆದ.
ಒಂದೇ ಒಂದು ಎಸಳು ಹಿಂದಿನ ಗಾಜಿನ ಕೆಳಗೆ
ಬಣ್ಣದೊಳಗೇ ಉಳಿದಿದೆ.
ಐತಾಳರಿಗೆ ಹೇಳಿಲ್ಲ.

ನನ್ನ ಪಾಲಿಗೆ ವೈರು.
ಹೆಗ್ಗಣ ಕಡಿದದ್ದು ಬೇರೆ, ಮೇಸ್ತ್ರಿಗಳು ಕೆಡಿಸಿದ್ದು ಬೇರೆ.
ಒಂದು ಕಡೆ ಮಾತ್ರ ಯಾರೋ ಪುಣ್ಯಾತ್ಮರು
ಟೇಪಿಗೆ ಬದಲು ಆಸ್ಪತ್ರೆಯ ಪ್ಲಾಸ್ಟರು ಸುತ್ತಿದ್ದರು,
ಬಹಳ ನೀಟಾಗಿ.

ಐತಾಳರ ಪಟ್ಟಿ ಮದುವೆ ಸಾಮಾನಿನ ಪಟ್ಟಿಯಷ್ಟು ಉದ್ದ:
ಕ್ಯಾಸೆಟ್ಟಿನ ಜಾಗಕ್ಕೆ ಟಚ್‌ಸ್ಕ್ರೀನು, ಹಿಂದಕ್ಕೆ ಕ್ಯಾಮೆರಾ,
ಹೊಸ ಎ.ಸಿ., ಹುಚ್ಚು ಹಿಡಿದ ಸೀಟಿಗೆ ಹೊಸ ಮಿದುಳು.
ಕೀಳುವ ಮುಂಚೆ ಒಮ್ಮೆ ನೋಡೋಣವೆಂದು ಬ್ಯಾಟರಿ ಕೊಟ್ಟೆ.
ಬಾಗಿಲಲ್ಲಿ ಮೂರು ಗುಂಡಿ.
ಒಂದನೆಯದನ್ನು ಒತ್ತಿ ಹಿಡಿದೆ.

ಮೋಟರು ಗೊಣಗಿತು.
ಸೀಟು ಮುಂದೆ ಬಂತು, ಇನ್ನೂ ಮುಂದೆ,
ಸ್ಟೀರಿಂಗಿಗೆ ತಾಗುತ್ತದೇನೋ ಅನ್ನುವಷ್ಟು.
ಮೇಲೆದ್ದಿತು. ಬೆನ್ನು ನೆಟ್ಟಗಾಯಿತು.
ಎಡಗನ್ನಡಿ ತುಸು ಬಗ್ಗಿ ನೆಲ ನೋಡಿತು,
ಚಕ್ರ ಫುಟ್‌ಪಾತಿಗೆ ಉಜ್ಜೀತು ಎಂಬಂತೆ.
ನಿಂತಿತು.

ಯಾರೋ ಕೂತ ಹಾಗೆ.

ಆರ್.ಸಿ. ತೆಗೆದು ನೋಡಿದೆ: ಡಾ. ವಿನೋದಿನಿ ರೇಗೊ.
ಅರಿವಳಿಕೆ ಕೊಡುವ ಡಾಕ್ಟರು, ದಲ್ಲಾಳಿ ಹೇಳಿದ್ದ,
ರಾತ್ರಿ ಎರಡಕ್ಕೆ ಕರೆ ಬಂದರೂ ತಾವೇ ಓಡಿಸುತ್ತಿದ್ದರಂತೆ.
ಕುಳ್ಳಗಿದ್ದರು ಅಂತ ಅವನು ಹೇಳಿರಲಿಲ್ಲ.
ಪ್ಲಾಸ್ಟರು ಯಾರದೆಂದು ಈಗ ಗೊತ್ತಾಯಿತು.

ಹೊಸ ಮಿದುಳಿಗೆ ಇದೆಲ್ಲ ತಿಳಿಯದು,
ಡಬ್ಬಿಯಿಂದ ಬರುವಾಗ ಒಂದೂ ಖಾಲಿ, ಎರಡೂ ಖಾಲಿ.
ಅಳತೆ ಟೇಪು ಪಕ್ಕದಲ್ಲೇ ಇತ್ತು.
ಆದರೂ ಹಳದಿ ವೈರು ಕತ್ತರಿಸಿ ಗಂಟು ಹಾಕಿದೆ,
ಪೆಡಲಿನಿಂದ ಸೀಟಿಗೆ ಒಂದು, ನೆಲದಿಂದ ಸೀಟಿಗೆ ಒಂದು,
ದರ್ಜಿಯ ಹಾಗೆ,
ಅಳತೆಗೆ ಬಂದು ನಿಲ್ಲಲಾರದವರ ಅಳತೆ.

ಡೆಲಿವರಿಯ ದಿನ ಐತಾಳರನ್ನು ಎರಡನೇ ಗುಂಡಿಗೆ ಹಾಕಿದೆ.
"ಒಂದು?"
"ಅದನ್ನ ಒತ್ತಬೇಡಿ."
ಒತ್ತದೆ ಇರುವ ಮನುಷ್ಯರೇ?
ಸೀಟು ಮೆಲ್ಲಗೆ ಮುಂದೆ ನಡೆದು
ಹೊಟ್ಟೆಯನ್ನು ಸ್ಟೀರಿಂಗಿಗೆ ಒತ್ತಿತು, ಮಂಡಿ ಡ್ಯಾಶಿಗೆ.
ಹಾರ್ನು ತಾನಾಗಿ ಕೂಗಿತು. ಕೆಂಪಮ್ಮ ಹಾರಿಬಿದ್ದಳು.

ಸಿಕ್ಕಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು ಐತಾಳರು.
"ಯಾರ ಎಲೆ ಇದು?"
ಹೇಳಿದೆ.
ಹಾರ್ನು ಇನ್ನೂ ಕೂಗುತ್ತಿತ್ತು.
"ಹಾಕಿದ ಎಲೆ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ," ಅಂದರು.
"ಇರಲಿ.
ಮೊದಲು ನನ್ನ ಈಚೆ ಎಳೀರಿ."